ಕಾಲೇಜಿನ ಬಾಗಿಲು, ಮಲಗೋ ಜಾಗ

ಯಾವ ಕಾಲೇಜು ಒಳ್ಳೇದು ಅಂತ ಪಿಯುಸಿ ಮುಗಿಸಿದ ಹುಡುಗರು ಮೇಷ್ಟ್ರನ್ನು ಕೇಳುತ್ತಾರೆ. ಮೇಷ್ಟ್ರು ಹೆಸರು, ಕಟ್ಟಡ, ರಿಸಲ್ಟು ನೋಡಿ ಹೇಳುತ್ತಾರೆ. ಅದು ಉಳ್ಳವರ ಅಳತೆಗೋಲು. ಕೇರಿಯ ಅಪ್ಪ ಕೇಳೋದೇ ಬೇರೆ: "ಅಲ್ಲಿ ಉಳ್ಕೊಳ್ಳಕ್ಕೆ ಜಾಗ ಐತಾ? ಉಣ್ಣಕ್ಕೇನು ಮಾಡ್ತಾನೆ?" ಅನಕ್ಷರಸ್ಥನ ಈ ಪ್ರಶ್ನೆಯಲ್ಲೇ ನಮ್ಮ ವಿದ್ಯೆಯ ಚರಿತ್ರೆ ಇದೆ.

1856ರಲ್ಲಿ ಧಾರವಾಡದ ಮಹಾರ್ ಹುಡುಗನೊಬ್ಬ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಇವನೊಬ್ಬ ಒಳಗೆ ಬಂದರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಅಂತ ಮುಂಬಯಿ ಸರ್ಕಾರ ತಳ್ಳಿಹಾಕಿತು. ಆರಿಸಿಕೊಳ್ಳೋ ಮಾತು ಹಾಗಿರಲಿ, ಹೊಸ್ತಿಲೇ ಸಿಗಲಿಲ್ಲ.

ಹೊಸ್ತಿಲು ದಾಟಿದವರ ಗತಿ ನೋಡಿ. ಅಂಬೇಡ್ಕರ್ 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಸಿದರು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾಕ್ಕೆ, ಅಲ್ಲಿಂದ ಲಂಡನ್ನಿಗೆ ಹೋದರು. ಇದಕ್ಕಿಂತ ದೊಡ್ಡ ಕಾಲೇಜು ಯಾವುದಿದೆ? 1917ರಲ್ಲಿ ಕೆಲಸಕ್ಕೆ ಅಂತ ಬರೋಡಾಕ್ಕೆ ಬಂದಾಗ ಇಡೀ ಊರಲ್ಲಿ ಅವರಿಗೊಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಹೆಸರು ಮರೆಸಿ ಉಳಿದರು. ಗುಟ್ಟು ಬಯಲಾಗಿ, ದೊಣ್ಣೆ ಹಿಡಿದ ಜನ ಬಂದು ಹೊರಹಾಕಿದರು.

ಈ ಪೆಟ್ಟು ತಿಂದ ಮನುಷ್ಯ ಕಾಲೇಜು ಕಟ್ಟಿದಾಗ ಏನು ಮಾಡಿದ ಅನ್ನೋದು ಮುಖ್ಯ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಹುಟ್ಟಿತು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರುವಾಯಿತು. ಅಲ್ಲಿ ಬೆಳಗಿನ ಹೊತ್ತೇ ತರಗತಿ ನಡೆಸುತ್ತಿದ್ದರು. ಹಗಲು ದುಡಿಯೋ ಗುಮಾಸ್ತನೂ ಓದಬೇಕಲ್ಲ! ನಮ್ಮವರಿಗೆ ಕೂಲಿ ಬಿಟ್ಟು ಓದೋ ಭಾಗ್ಯ ಎಲ್ಲಿತ್ತು? ಆ ವೇಳಾಪಟ್ಟಿಯೇ ಒಂದು ಬಂಡಾಯ.

1950ರಲ್ಲಿ ಔರಂಗಾಬಾದಿನಲ್ಲಿ ಎರಡನೇ ಕಾಲೇಜು ತೆರೆದರು. ಮರಾಠವಾಡ 1948ರವರೆಗೂ ನಿಜಾಮನ ಕೈಲಿದ್ದ ನಾಡು. ನಮ್ಮ ಬೀದರ್, ಕಲಬುರ್ಗಿ, ರಾಯಚೂರುಗಳೂ ಅದೇ ಸಂಸ್ಥಾನದಲ್ಲಿದ್ದವು. ವಿದ್ಯೆಯಲ್ಲಿ ಅಷ್ಟು ಹಿಂದುಳಿದ ಕಡೆ ಕಾಲೇಜಿನ ಪಕ್ಕದಲ್ಲೇ ಹಾಸ್ಟೆಲುಗಳನ್ನೂ ಕಟ್ಟಿದರು. ಕಾಲೇಜಿಗೆ ಆಮೇಲೆ ಮಿಲಿಂದ ಅಂತ ಹೆಸರಿಟ್ಟರು. ಭಿಕ್ಷುವಿನ ಜೊತೆ ವಾದಕ್ಕೆ ನಿಂತ ಗ್ರೀಕ್ ದೊರೆಯ ಹೆಸರು ಅದು. ಕೇಳು, ಒಪ್ಪದಿದ್ದರೆ ಎದುರು ಮಾತಾಡು ಅನ್ನೋ ಹೆಸರು.

ಆ ಅಂಗಳದಲ್ಲಿ ಬೆಳೆದದ್ದು ಬರೀ ಗುಮಾಸ್ತರಲ್ಲ. ಅಲ್ಲಿ ಪ್ರಾಂಶುಪಾಲರಾಗಿದ್ದ ಎಂ. ಎನ್. ವಾಂಖೆಡೆ ಅಮೆರಿಕದಲ್ಲಿ ಓದಿ ಬಂದು ಕರಿಯರ ಸಾಹಿತ್ಯದ ಮಾತೆತ್ತಿದರು. ಅಲ್ಲೇ ಪಾಠ ಹೇಳುತ್ತಿದ್ದ ಗಂಗಾಧರ ಪಾನತಾವಣೆ ‘ಅಸ್ಮಿತಾದರ್ಶ’ ಪತ್ರಿಕೆ ನಡೆಸಿದರು. ಮರಾಠಿ ದಲಿತ ಸಾಹಿತ್ಯಕ್ಕೆ ಆ ಹಾಸ್ಟೆಲಿನ ಅನ್ನದ ಋಣ ಇದೆ. ನಮ್ಮಲ್ಲೂ ಹಾಗೇ: ಬೆಂಗಳೂರಿನ ಹಾಸ್ಟೆಲಿನಲ್ಲಿ ಉಂಡು ಓದಿದ ಹುಡುಗ ಕವಿ ಸಿದ್ಧಲಿಂಗಯ್ಯ ಆದದ್ದು ಎಲ್ಲರಿಗೂ ಗೊತ್ತು.

ಆದ್ದರಿಂದ ಗೆಳೆಯರೇ, ಕಾಲೇಜಿನ ಪುಸ್ತಿಕೆ ಆಮೇಲೆ ಓದಿ. ಮೊದಲು ಹಾಸ್ಟೆಲಿಗೆ ಹೋಗಿ ಒಂದು ಹೊತ್ತು ಉಂಡು ಬನ್ನಿ. ವಿದ್ಯಾರ್ಥಿವೇತನ ಕೈಗೆ ಯಾವಾಗ ಬರುತ್ತೆ ಅಂತ ಅಲ್ಲಿರೋ ಅಣ್ಣಂದಿರನ್ನು, ಅಕ್ಕಂದಿರನ್ನು ಕೇಳಿ. ನಮ್ಮವರಲ್ಲಿ ಎಷ್ಟು ಜನ ಸೇರಿದರು ಅನ್ನೋದಕ್ಕಿಂತ ಎಷ್ಟು ಜನ ಮುಗಿಸಿದರು ಅಂತ ಕೇಳಿ.

ಇದು ಹಳೇ ಮಾತಲ್ಲ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯ ಹಾಸ್ಟೆಲಿನಿಂದ ಹೊರಹಾಕಿದ ಐವರು ದಲಿತ ಸಂಶೋಧಕರು 2016ರ ಜನವರಿಯಲ್ಲಿ ಬಯಲಲ್ಲೇ ಡೇರೆ ಹಾಕಿ ಮಲಗಿದರು. ಅವರಲ್ಲೊಬ್ಬ ರೋಹಿತ್ ವೇಮುಲ. ಜನವರಿ 17ರಂದು ಆತ ತೀರಿಕೊಂಡ. ಆ ಡೇರೆಗೆ ಅವರಿಟ್ಟಿದ್ದ ಹೆಸರು ‘ವೆಲಿವಾಡ’. ತೆಲುಗಿನಲ್ಲಿ ಹಾಗಂದರೆ ಊರ ಹೊರಗಿನ ಕೇರಿ.