ಶ್ರೀಗಂಧದ ಬೇರೂ ಸ್ಪೈಕ್ ರೋಗವೂ

ಎನ್. ಬೇಗೂರಿನ ಕಾಡಂಚಿನಿಂದ ಹುಣಸೂರನ್ನು ಹಾದು ಪಿರಿಯಾಪಟ್ಟಣದವರೆಗಿನ ಸೀಮೆಯು ಶ್ರೀಗಂಧಕ್ಕೆ ಒಗ್ಗಿದ ನೆಲ. ಅಲ್ಲಿಂದ ಪಶ್ಚಿಮಕ್ಕೆ ಕಾವೇರಿಯನ್ನು ದಾಟಿದರೆ ಕೊಡಗಿನ ಕುಶಾಲನಗರ. ಹಿಂದೆ ಅದಕ್ಕೆ ಫ್ರೇಸರ್‌ಪೇಟೆಯೆಂದು ಹೆಸರು. 19ನೆಯ ಶತಮಾನವು ಮುಗಿಯುವ ಹೊತ್ತಿಗೆ ಗಂಧದ ಸ್ಪೈಕ್ ರೋಗವು ಮೊದಲು ಕಣ್ಣಿಗೆ ಬಿದ್ದುದು ಆ ಕಡೆಯಲ್ಲಿ. ಎಲೆಗಳು ಕಿರಿದಾಗಿ ಸೆಟೆದು ನಿಲ್ಲುವುವು. ಗೆಣ್ಣುಗಳ ನಡುವಣ ಅಂತರವು ಕುಗ್ಗುವುದು. ಹೂ ಕಾಯಿ ನಿಂತುಹೋಗಿ, ಕೆಲವೇ ವರ್ಷಗಳಲ್ಲಿ ಮರವು ಸಾಯುವುದು. ಟಿಪ್ಪುವಿನ ಕಾಲದಿಂದಲೂ ರಾಜವೃಕ್ಷವೆನಿಸಿ ಬೊಕ್ಕಸಕ್ಕೆ ಆಧಾರವಾಗಿದ್ದ ಮರಕ್ಕೆ ಬಂದ ಈ ಕೇಡು ಮೈಸೂರು ಸಂಸ್ಥಾನವನ್ನು ಕಳವಳಗೊಳಿಸಿತೆಂದರೆ ಆಶ್ಚರ್ಯವಿಲ್ಲ.

ರೋಗದ ಮೂಲವನ್ನು ಮೊದಮೊದಲು ಬೇರಿನಲ್ಲಿ ಅರಸಿದವರುಂಟು. ಅದಕ್ಕೆ ಕಾರಣವೂ ಇದ್ದಿತು. ಗಂಧವು ನೆರೆಯ ಗಿಡಮರಗಳ ಬೇರಿಗೆ ತನ್ನ ಹೀರುಬೇರುಗಳನ್ನು ಚುಚ್ಚಿ ಬಾಳುವ ಮರವೆಂಬುದನ್ನು 1871ರಲ್ಲಿ ಜಾನ್ ಸ್ಕಾಟನು ಕಂಡುಹಿಡಿದಿದ್ದನು. ಬಾರ್ಬರನು ಮುಂದೆ ಆ ಹೀರುಬೇರಿನ ರಚನೆಯನ್ನು ವಿವರವಾಗಿ ಪರೀಕ್ಷಿಸಿದನು. ರೋಗ ಹಿಡಿದ ಮರವನ್ನು ಅಗೆದು ನೋಡಿದರೆ ಬೇರಿನ ತುದಿಗಳೂ ಹೀರುಬೇರುಗಳೂ ಸತ್ತಿರುವುದು ಕಾಣುತ್ತಿದ್ದಿತು. ಆಸರೆಯ ಗಿಡವು ಅಳಿದುದರಿಂದಲೋ, ಕಾಡುಕಿಚ್ಚಿನಿಂದಲೋ ರಸಸಂಚಾರವು ಕೆಟ್ಟು ಮರವು ನವೆಯುವುದೆಂಬ ಊಹೆಗಳು ಹುಟ್ಟಿದುದು ಸಹಜವೇ. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ನರು ರೋಗದ ಕೊಂಬೆಯನ್ನು ಒಳ್ಳೆಯ ಮರಕ್ಕೆ ಕಸಿಮಾಡಿ, ಇದು ಅಂಟುಜಾಡ್ಯವೆಂದು 1917ರಲ್ಲಿ ತೋರಿಸಿದರು. ಅಂಟಿಸುವುದಾವುದು? ಉತ್ತರವು 1969ರವರೆಗೆ ಕಾಯಬೇಕಾಯಿತು. ಆ ವರ್ಷ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಿಗಳನ್ನು ಇಂದು ಫೈಟೊಪ್ಲಾಸ್ಮವೆನ್ನುತ್ತಾರೆ. ಅವು ಎಲೆಯ ಆಹಾರವನ್ನು ಕೆಳಗೊಯ್ಯುವ ನಾಳಗಳಲ್ಲಿ ನೆಲಸಿರುತ್ತವೆ. ರೋಗದ ಮರದ ಎಲೆಯಲ್ಲಿ ಪಿಷ್ಟವು ತುಂಬಿಕೊಂಡಿರುವುದು ಮೊದಲೇ ತಿಳಿದಿದ್ದಿತು. ಬೇರು ಸಾಯುವುದು ಹಸಿವಿನಿಂದ. ಮೊದಲಿನವರು ಕಾರಣವೆಂದು ತಿಳಿದುದು ಪರಿಣಾಮವಾಗಿದ್ದಿತು.

ಹಾಗೆಂದು ಬೇರಿನ ವಿಚಾರವನ್ನು ಕೈಬಿಡುವುದು ತರವಲ್ಲ. ಶಿಲೀಂಧ್ರವು ಬೇರಿನೊಡನೆ ಕೂಡಿಬಾಳುವ ಸಂಬಂಧಕ್ಕೆ ಜರ್ಮನಿಯ ಫ್ರಾಂಕನು 1885ರಲ್ಲಿ ಮೈಕೊರೈಜವೆಂದು ಹೆಸರಿಟ್ಟನು. ಶಿಲೀಂಧ್ರದ ಎಳೆಗಳು ಬೇರಿಗೆ ನಿಲುಕದ ಮಣ್ಣಿನಿಂದ ರಂಜಕವನ್ನೂ ನೀರನ್ನೂ ತಂದುಕೊಡುತ್ತವೆ. ಮರವು ಸಕ್ಕರೆಯನ್ನು ಕೊಡುತ್ತದೆ. ಬೇರು ಕೊಳೆಯಿಸುವ ಕ್ರಿಮಿಗಳಿಗೆ ಇಂಬು ದೊರೆಯದಂತೆ ತಾವೇ ಎಡೆಯನ್ನು ಹಿಡಿಯುವುದೂ, ಗಿಡದ ಸ್ವಂತ ರಕ್ಷಣಾಶಕ್ತಿಯನ್ನು ಎಚ್ಚರಿಸುವುದೂ ಉಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜರು ಈ ಶಿಲೀಂಧ್ರಗಳನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದರು.

ಗಂಧದಲ್ಲಿ ಈ ವಿಷಯವು ತುಸು ತೊಡಕಿನದು. ಅದರ ಸಸಿಗೆ ತೊಗರಿಯಂತಹ ಆಸರೆಗಿಡವನ್ನು ಜೊತೆಗೆ ಬೆಳೆಸುವುದು ವಾಡಿಕೆ. ಆ ತೊಗರಿಯ ಬೇರಿಗೆ ಶಿಲೀಂಧ್ರದ ನೆರವುಂಟು. ಆದುದರಿಂದ ಗಂಧವು ಉಣ್ಣುವುದರಲ್ಲಿ ಒಂದು ಭಾಗವಾದರೂ ನೆರೆಯವರ ಶಿಲೀಂಧ್ರವು ತಂದುದೆಂದು ನನ್ನ ಅಭಿಪ್ರಾಯ. ಆದರೆ ನಾಳದೊಳಗೆ ಅಡಗಿರುವ, ಕೀಟಗಳು ಹೊತ್ತು ತರುವ ಸ್ಪೈಕನ್ನು ಬೇರಿನ ಶಿಲೀಂಧ್ರವು ಗುಣಪಡಿಸುವುದೆಂದು ಹೇಳಲು ಆಧಾರವಿಲ್ಲ. ಟೆಟ್ರಾಸೈಕ್ಲಿನ್ ಔಷಧವನ್ನು ಮರಕ್ಕೆ ಊಡಿಸಿದಾಗಲೂ ದೊರೆತುದು ತಾತ್ಕಾಲಿಕ ಉಪಶಮನ ಮಾತ್ರ. 2001ರ ತಿದ್ದುಪಡಿಯಿಂದ ಗಂಧದ ಮರವು ಜಮೀನಿನ ಒಡೆಯನದೇ ಆಗಿದೆ. ಬೇಗೂರಿನ ಕಡೆಯ ರೈತನು ಗುಣಿಗೆ ಶಿಲೀಂಧ್ರದ ಗೊಬ್ಬರವನ್ನು ಹಾಕುವುದಾದರೆ ಸಸಿಯು ಬಲಿಯಲೆಂದು ಹಾಕಬಹುದು. ಸ್ಪೈಕ್ ತಗುಲಿದ ಮರವನ್ನು ಮಾತ್ರ ಕಿತ್ತು ತೆಗೆಯಲೇಬೇಕು.