ಮೆಕ್ಕೆಜೋಳದ ಬಿತ್ತನೆ ಪ್ರಮಾಣ

ಒಂದು ಎಕರೆ ಅಥವಾ ಹೆಕ್ಟೇರ್ ಹೊಲಕ್ಕೆ ಎಷ್ಟು ಮೆಕ್ಕೆಜೋಳದ ಬೀಜ ಬೀಳಬೇಕೆಂಬ ಲೆಕ್ಕವೇ ಬಿತ್ತನೆ ಪ್ರಮಾಣ. ಗೋವಿನಜೋಳ, ಮುಸುಕಿನ ಜೋಳ ಎಂದೂ ಕರೆಯುವ ಈ ಬೆಳೆಗೆ ಕರ್ನಾಟಕದಲ್ಲಿ ಬೀಜವನ್ನು ಕೆಜಿಯಲ್ಲಿ ಹೇಳುವುದು ರೂಢಿ. ಎಕರೆಗೆ ಆರರಿಂದ ಎಂಟು ಕೆಜಿ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಇಳುವರಿಯನ್ನು ನಿರ್ಧರಿಸುವುದು ಕೊಯ್ಲಿನ ಹೊತ್ತಿಗೆ ತೆನೆ ಹೊತ್ತು ನಿಂತ ಗಿಡಗಳ ಸಂಖ್ಯೆ. ಸಾವಿರ ಕಾಳಿನ ತೂಕ ತಳಿಗೂ ಬೀಜದ ಗಾತ್ರಕ್ಕೂ ತಕ್ಕಂತೆ ಸಾಮಾನ್ಯವಾಗಿ 200ರಿಂದ 350 ಗ್ರಾಂವರೆಗೆ ಬದಲಾಗುತ್ತದೆ. ಹೀಗಾಗಿ ಒಂದು ಕೆಜಿಯಲ್ಲಿ 5,000 ಬೀಜ ಇರಬಹುದು, 3,000ಕ್ಕಿಂತ ಕಡಿಮೆಯೂ ಇರಬಹುದು. ಅಮೆರಿಕದಲ್ಲಿ ಬೀಜವನ್ನು 80,000 ಕಾಳಿನ ಚೀಲಗಳಲ್ಲಿ, ಎಣಿಕೆಯ ಮೇಲೆ ಮಾರುತ್ತಾರೆ. ನಮ್ಮಲ್ಲಿ ತೂಕದ ಮೇಲೆ ಮಾರುವುದರಿಂದ ಎಣಿಕೆಯ ಕೆಲಸ ರೈತರದೇ ಆಗುತ್ತದೆ.

ಈ ಬೆಳೆಯಲ್ಲಿ ಗಿಡಗಳ ಸಂಖ್ಯೆಗೆ ಇಷ್ಟು ಮಹತ್ವ ಬರಲು ಅದರ ಗುಣವೇ ಕಾರಣ. ರಾಗಿ, ಭತ್ತಗಳು ತೆಂಡೆ ಒಡೆದು ಖಾಲಿ ಜಾಗವನ್ನು ತುಂಬಿಕೊಳ್ಳುತ್ತವೆ. ಇಂದಿನ ಮೆಕ್ಕೆಜೋಳದ ಹೈಬ್ರಿಡ್‌ಗಳು ಬಹುಮಟ್ಟಿಗೆ ಒಂದು ಬೀಜಕ್ಕೆ ಒಂದು ಕಾಂಡ, ಒಂದು ಕಾಂಡಕ್ಕೆ ಒಂದು ತೆನೆ ಕೊಡುವಂಥವು. ಗಿಡ ಕಡಿಮೆಯಾದರೆ ಉಳಿದವುಗಳ ತೆನೆ ಕೊಂಚ ದಪ್ಪವಾಗುತ್ತದೆ, ನಷ್ಟವೆಲ್ಲ ತುಂಬಿಬರುವುದಿಲ್ಲ. ಗಿಡ ಹೆಚ್ಚಾದರೆ ಬಿಸಿಲು, ನೀರು, ಸಾರಜನಕಕ್ಕೆ ಪೈಪೋಟಿ ಹುಟ್ಟುತ್ತದೆ. ಕಾಂಡ ಸಣ್ಣಗಾಗಿ ಗಾಳಿಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಹೂಬಿಡುವ ಹೊತ್ತಿನಲ್ಲಿ ಬೀಳುತ್ತದೆ. ಒತ್ತಡಕ್ಕೆ ಸಿಕ್ಕ ಗಿಡದಲ್ಲಿ ಪರಾಗ ಸುರಿಸುವ ಸೂಲಂಗಿ ಸಮಯಕ್ಕೆ ಬಂದರೂ ತೆನೆಯ ರೇಷ್ಮೆ ಎಳೆಗಳು ಹೊರಬರುವುದು ತಡವಾಗುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಹೋಗಿರುತ್ತದೆ. ತೆನೆಯ ತುದಿ ಬೋಳಾಗಿ ಉಳಿಯುತ್ತದೆ, ಕೆಲವು ಗಿಡಗಳಲ್ಲಿ ಕಾಳೇ ಕಟ್ಟುವುದಿಲ್ಲ. ಆದ್ದರಿಂದ ಗಿಡಗಳ ಸಂಖ್ಯೆ ಏರಿದಂತೆ ಇಳುವರಿ ಒಂದು ಹಂತದವರೆಗೆ ಏರಿ, ಅಲ್ಲಿ ನಿಂತು, ಬಳಿಕ ಇಳಿಯುತ್ತದೆ. ಆ ಹಂತ ಎಲ್ಲಿ ಬರುತ್ತದೆಂಬುದು ಹೊಲದಿಂದ ಹೊಲಕ್ಕೆ ಬೇರೆ.

ಕಾಲದಿಂದ ಕಾಲಕ್ಕೂ ಅದು ಬದಲಾಗಿದೆ. ಅಮೆರಿಕದ ಮೆಕ್ಕೆಜೋಳದ ನಾಡಿನಲ್ಲಿ 1930ರ ದಶಕದಲ್ಲಿ ಹೆಕ್ಟೇರಿಗೆ ಸುಮಾರು 30,000 ಗಿಡಗಳಿದ್ದರೆ, ಈಗ 75,000 ದಾಟಿದೆ. ಹಳೆಯ ಮತ್ತು ಹೊಸ ಹೈಬ್ರಿಡ್‌ಗಳನ್ನು ಅಕ್ಕಪಕ್ಕದಲ್ಲೇ ಬೆಳೆದು ಹೋಲಿಸಿದ ತಳಿ ವಿಜ್ಞಾನಿ ಡೊನಾಲ್ಡ್ ಡುವಿಕ್ ಮುಖ್ಯವಾದ ಒಂದು ಸಂಗತಿಯನ್ನು ತೋರಿಸಿದರು: ವಿರಳವಾಗಿ ಬಿತ್ತಿದಾಗ ಹೊಸ ತಳಿಯ ಒಂಟಿ ಗಿಡ ಹಳೆಯದಕ್ಕಿಂತ ಹೆಚ್ಚೇನೂ ಕೊಡುವುದಿಲ್ಲ, ಹೊಸ ತಳಿಗಳ ಹೆಚ್ಚುಗಾರಿಕೆ ದಟ್ಟಣೆಯನ್ನು ತಾಳಿಕೊಂಡು ತೆನೆ ಕಟ್ಟುವುದರಲ್ಲಿದೆ. ಹಾಗಿದ್ದರೂ ಅಲ್ಲಿನ ಸಂಖ್ಯೆ ಎಲ್ಲ ಕಡೆ ಒಂದೇ ಅಲ್ಲ. ಆಳ ಮಣ್ಣಿನ ಅಯೋವಾ, ಇಲಿನಾಯ್‌ಗಳಲ್ಲಿ ಎಕರೆಗೆ 30,000 ಮೀರಿ ಬಿತ್ತುತ್ತಾರೆ. ಮಳೆ ಕಡಿಮೆಯಾದ ಪಶ್ಚಿಮ ಕಾನ್ಸಾಸ್‌ನ ಖುಷ್ಕಿ ಹೊಲಗಳಲ್ಲಿ 20,000ದ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತಾರೆ.

ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ಸುತ್ತ ಮೆಕ್ಕೆಜೋಳ ಬಹುಪಾಲು ಮುಂಗಾರಿನ ಮಳೆಯನ್ನೇ ನಂಬಿದೆ. ಬಿತ್ತಿದ ಸುಮಾರು 50ರಿಂದ 65 ದಿನಗಳ ನಡುವೆ ಸೂಲಂಗಿ, ತೆನೆ ಬರುತ್ತವೆ. ಆ ಎರಡು ಮೂರು ವಾರ ಮಣ್ಣಿನಲ್ಲಿ ಎಷ್ಟು ತೇವ ಉಳಿದಿರುತ್ತದೋ ಅಷ್ಟೇ ಗಿಡಗಳನ್ನು ಹೊಲ ಹೊರಬಲ್ಲದು. ಬಿತ್ತನೆ ಪ್ರಮಾಣವನ್ನು ಬಿತ್ತುವ ದಿನದ ಹದ ನೋಡಿ ತೀರ್ಮಾನಿಸುವುದು ಸರಿಯಲ್ಲ. ಹೂಬಿಡುವ ವಾರಗಳಲ್ಲಿ ಮಳೆ ಕೈಕೊಟ್ಟರೆ ಈ ಮಣ್ಣು ಎಷ್ಟು ದಿನ ತಾಳುತ್ತದೆ ಎಂದು ಕೇಳಿಕೊಳ್ಳಬೇಕು. ತೆಳುವಾದ ಕೆಂಪು ಮಸಾರಿ ಬೇಗ ಒಣಗುತ್ತದೆ, ಆಳವಾದ ಎರೆ ಮಣ್ಣು ಹೆಚ್ಚು ದಿನ ತೇವ ಹಿಡಿದಿಡುತ್ತದೆ. ಹಿಂಗಾರು ಮತ್ತು ಬೇಸಿಗೆಯ ನೀರಾವರಿ ಬೆಳೆಗೆ ಇನ್ನೊಂದು ಅನುಕೂಲವಿದೆ. ಮೋಡ ಕವಿದ ಮುಂಗಾರಿಗಿಂತ ಆಗ ಬಿಸಿಲು ಹೆಚ್ಚು, ಹಾಗಾಗಿ ಹೆಚ್ಚು ಗಿಡಗಳಿಗೆ ಬೆಳಕು ಸಾಲುತ್ತದೆ.

ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ ಕೊಟ್ಟರೆ ಎಕರೆಗೆ ಸುಮಾರು 22,500 ಗಿಡಗಳು ಬರುತ್ತವೆ. ಗಿಡದ ಅಂತರ 25 ಸೆಂ.ಮೀ. ಆದರೆ 27,000, 20 ಸೆಂ.ಮೀ. ಆದರೆ 33,700. ತೆಳು ಮಣ್ಣಿನ ಮಳೆಯಾಶ್ರಿತ ಹೊಲಕ್ಕೆ ಮೊದಲನೆಯದು, ಆಳ ಮಣ್ಣು ಮತ್ತು ನಂಬಿಕೆಯ ಮಳೆಯಿದ್ದಲ್ಲಿ ಎರಡನೆಯದು, ನೀರೂ ಗೊಬ್ಬರವೂ ಖಚಿತವಾದ ನೀರಾವರಿ ಹೊಲಕ್ಕೆ ಮೂರನೆಯದು ಸೂಕ್ತ. ಗೊಬ್ಬರವನ್ನು ಹಾಗೇ ಇಟ್ಟು ಗಿಡ ಮಾತ್ರ ಹೆಚ್ಚಿಸಿದರೆ ಪ್ರಯೋಜನವಿಲ್ಲ. ರಾಜ್ಯದಲ್ಲಿ ಶಿಫಾರಸಾಗಿರುವ ಸಾರಜನಕ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 100 ಕೆಜಿ, ನೀರಾವರಿಗೆ 150 ಕೆಜಿ. ಎರಡರ ನಡುವಿನ ಅಂತರವೇ ಹೊರುವ ಶಕ್ತಿಯ ಅಂತರವನ್ನೂ ಹೇಳುತ್ತದೆ.

ಬೇಕಾದ ಗಿಡಗಳ ಸಂಖ್ಯೆಯನ್ನು ಮೊಳಕೆ ಪ್ರಮಾಣದಿಂದಲೂ ಹೊಲದಲ್ಲಿ ಉಳಿಯುವ ಪ್ರಮಾಣದಿಂದಲೂ ಭಾಗಿಸಿದರೆ ಹಾಕಬೇಕಾದ ಬೀಜದ ಸಂಖ್ಯೆ ಸಿಗುತ್ತದೆ. 27,000 ಗಿಡ ಬೇಕು, ಮೊಳಕೆ ಶೇ. 90, ಮೊಳೆತವುಗಳಲ್ಲಿ ಶೇ. 95 ಉಳಿಯುತ್ತವೆ ಎಂದಿಟ್ಟುಕೊಂಡರೆ ಸುಮಾರು 31,600 ಬೀಜ ಬೇಕು. ಸಾವಿರ ಕಾಳು 250 ಗ್ರಾಂ ತೂಗಿದರೆ ಅದು 7.9 ಕೆಜಿ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಕೆಜಿಯ ರೂಢಿ ಎಷ್ಟು ದಾರಿ ತಪ್ಪಿಸುತ್ತದೆಂಬುದು ತಿಳಿಯುತ್ತದೆ: ಎಂಟು ಕೆಜಿ ಸಣ್ಣ ಬೀಜ, ಅಂದರೆ ಸಾವಿರಕ್ಕೆ 200 ಗ್ರಾಂ ತೂಗುವುದು, 34,200 ಗಿಡ ಕೊಡುತ್ತದೆ, ಸಾವಿರಕ್ಕೆ 350 ಗ್ರಾಂ ತೂಗುವ ದಪ್ಪ ಬೀಜ ಕೊಡುವುದು ಬರೀ 19,500. ನೂರು ಬೀಜ ಎಣಿಸಿ ತೂಗಿದರೆ ಸಾಕು, ಈ ಅನಿಶ್ಚಿತತೆ ನೀಗುತ್ತದೆ. ಸಾಲಿನಲ್ಲಿ ಕೈಯಿಂದ ಅಂತರ ನೋಡಿ ಬೀಜ ಹಾಕುವಲ್ಲಿ ಈ ವ್ಯತ್ಯಾಸ ತಾನಾಗಿಯೇ ಸರಿಹೋಗುತ್ತದೆ. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಹಾಗಲ್ಲ. ಬೀಜದ ಗಾತ್ರಕ್ಕೆ ಹೊಂದದ ತಟ್ಟೆ ಹಾಕಿದರೆ ಒಂದೆಡೆ ಜೋಡಿ ಬೀಜ, ಇನ್ನೊಂದೆಡೆ ಖಾಲಿ ಬೀಳುತ್ತದೆ.

ಬೀಜ ನಾಲ್ಕೈದು ಸೆಂ.ಮೀ. ಆಳದಲ್ಲಿ, ಎಲ್ಲೆಡೆ ಒಂದೇ ಹದದಲ್ಲಿ ಬೀಳಬೇಕು. ತಡವಾಗಿ ಮೊಳೆತ ಸಸಿ ಪಕ್ಕದವುಗಳ ನೆರಳಿನಲ್ಲಿ ಸೊರಗಿ, ತೆನೆ ಕೊಡದೆ ನೀರು ಗೊಬ್ಬರ ಮಾತ್ರ ತಿನ್ನುತ್ತದೆ. ಈ ಕಾರಣಕ್ಕೆ ತಡವಾಗಿ ಬೀಜ ಹಾಕಿ ಖಾಲಿ ತುಂಬುವುದರಿಂದ ಲಾಭ ಕಡಿಮೆ. ಜೋಡಿ ಸಸಿಗಳಲ್ಲಿ ಬಡಕಲಾದುದನ್ನು ಎರಡು ವಾರದೊಳಗೆ ಕಿತ್ತುಹಾಕುವುದು ಒಳ್ಳೆಯದು. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಕರ್ನಾಟಕದಲ್ಲೇ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಎಳೆಯ ಸಸಿಯ ಸುಳಿಯನ್ನೇ ತಿನ್ನುವುದರಿಂದ ಗಿಡಗಳ ಸಂಖ್ಯೆಗೂ ಪೆಟ್ಟು ಕೊಡುತ್ತದೆ. ಅದಕ್ಕೆಂದು ಬೀಜ ವಿಪರೀತ ಹೆಚ್ಚಿಸುವುದಕ್ಕಿಂತ ಮೊದಲ ವಾರಗಳಿಂದಲೇ ಸುಳಿ ನೋಡುತ್ತಿರುವುದು ಮೇಲು.

ಮೇವಿಗೆ ಬೆಳೆಯುವ ಆಫ್ರಿಕನ್ ಟಾಲ್‌ನಂಥ ತಳಿಗಳಲ್ಲಿ ಕಾಳು ಮುಖ್ಯವಲ್ಲವಾದ್ದರಿಂದ ಎಕರೆಗೆ 20 ಕೆಜಿ ಅಥವಾ ಅದಕ್ಕೂ ಹೆಚ್ಚು ಬೀಜ ಬಿತ್ತುತ್ತಾರೆ. ಬೇಬಿ ಕಾರ್ನ್ ಕೂಡ ಕಾಳು ಕಟ್ಟುವ ಮುನ್ನವೇ ಕೊಯ್ಯುವ ಬೆಳೆಯಾದ್ದರಿಂದ ದಟ್ಟಣೆಯನ್ನು ಸಹಿಸುತ್ತದೆ.

ಹೊಲದಲ್ಲಿ ನಿಜಕ್ಕೂ ಎಷ್ಟು ಗಿಡಗಳಿವೆ ಎಂದು ತಿಳಿಯಲು, 60 ಸೆಂ.ಮೀ. ಸಾಲುಗಳಿದ್ದಲ್ಲಿ ಒಂದೇ ಸಾಲಿನ 6 ಮೀಟರ್ 75 ಸೆಂ.ಮೀ. ಉದ್ದವನ್ನು ಅಳೆದು ಅದರಲ್ಲಿನ ಗಿಡ ಎಣಿಸಬೇಕು. ಅದು ಎಕರೆಯ ಸಾವಿರದ ಒಂದು ಭಾಗ. ಬಂದ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. ಐದಾರು ಕಡೆ ಎಣಿಸಿ ಸರಾಸರಿ ತೆಗೆಯಬೇಕು. ಕೊಯ್ಲಿಗೆ ಮುಂಚೆ ಅದೇ ಜಾಗಗಳಲ್ಲಿ ತೆನೆಗಳನ್ನೂ ಸುಲಿದು ನೋಡಬೇಕು. ಮಳೆ ಸರಿಯಾಗಿ ಬಂದ ವರ್ಷ ಎಲ್ಲ ತೆನೆಗಳೂ ತುದಿಯವರೆಗೆ ಗಟ್ಟಿ ಕಾಳು ತುಂಬಿ ದಪ್ಪವಾಗಿದ್ದರೆ ಮುಂದಿನ ಬಾರಿ ಒಂದೆರಡು ಸಾವಿರ ಗಿಡ ಹೆಚ್ಚಿಸಲು ಅವಕಾಶವಿದೆ. ರೋಗ, ಹುಳುವಿನ ಕಾಟವಿಲ್ಲದೆಯೂ ತೆನೆಯಿಲ್ಲದ ಗಿಡಗಳು ಹತ್ತಕ್ಕೊಂದರಂತೆ ಕಂಡರೆ ಒಂದೆರಡು ಸಾವಿರ ಗಿಡ ಇಳಿಸಬೇಕು.