ಕರಗದ ಬೇಕಲೈಟು, ಕರಗುವ ಅರಗು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿದ್ಯುತ್ ಉದ್ಯಮ ತಂತಿ, ಸುರುಳಿಗಳ ನಿರೋಧಕಕ್ಕೆ ಅರಗನ್ನು ಬಳಸುತ್ತಿತ್ತು. ಅದರ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸಿದ ರಾಳವನ್ನು ಕೆರೆದು, ತೊಳೆದು, ಕರಗಿಸಿ ಮಾಡಿದ ಸರಕು ಅದು. ಬೇಡಿಕೆ ಏರಿದಷ್ಟು ವೇಗವಾಗಿ ಕೀಟಗಳು ದುಡಿಯಲಾರವು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೊ ಬೇಕ್‌ಲೆಂಡ್ ಇದಕ್ಕೆ ಬದಲಿ ಹುಡುಕಲು ಹೊರಟ.

ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿದರೆ ಪಾತ್ರೆಗೆ ಕಚ್ಚಿಕೊಳ್ಳುವ ಮುದ್ದೆಯಾಗುತ್ತದೆ ಎಂಬುದು ರಸಾಯನಶಾಸ್ತ್ರಜ್ಞರಿಗೆ ಮೊದಲೇ ಗೊತ್ತಿತ್ತು. ಬೇಕ್‌ಲೆಂಡ್ ಅದನ್ನು ಶಾಖ, ಒತ್ತಡ ಎರಡರಿಂದಲೂ ಪಳಗಿಸಿ 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1909ರಲ್ಲಿ ಅದು ಮಂಜೂರಾಯಿತು. ರೇಡಿಯೊ, ಟೆಲಿಫೋನು, ನಮ್ಮ ಹಳೆಯ ಮನೆಗಳ ದುಂಡನೆಯ ಕಪ್ಪು ಸ್ವಿಚ್ಚು ಎಲ್ಲವೂ ಬೇಕಲೈಟಿನವಾದವು.

ಒಮ್ಮೆ ಗಟ್ಟಿಯಾದರೆ ಬೇಕಲೈಟು ಮತ್ತೆ ಕರಗದು. ಹೆಚ್ಚು ಕಾಯಿಸಿದರೆ ಸುಟ್ಟು ಕರಿಯಾಗುತ್ತದೆ. ಇದೇ ಅದರ ಹೆಚ್ಚುಗಾರಿಕೆ, ದುರಸ್ತಿಗೆ ಇದೇ ತೊಡಕು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಶಾಖಕ್ಕೇ ಅದು ಕರಗಿ ಹರಡುತ್ತದೆ. ಬಿರುಕು ಬಿಟ್ಟ ರೇಡಿಯೊ ಪೆಟ್ಟಿಗೆಯನ್ನು ಹಾಗೆ ಬೆಸೆಯಲಾಗದು. ಹೊರಗಿನ ಅಂಟೇ ಬೇಕು.

ರೂಢಿಯ ದಾರಿ ಎಪಾಕ್ಸಿ. ಬಿರುಕಿನೊಳಗಿನ ಧೂಳು, ಜಿಡ್ಡು ತೆಗೆದು ಅಂಟಿಸಿ, ಒಳಮೈಗೆ ಗಾಜಿನ ನಾರಿನ ಪಟ್ಟಿ ಹಾಕಿದರೆ ಬಲ ಬರುತ್ತದೆ. ಚಕ್ಕೆ ಎದ್ದ ಕಡೆ ಬಣ್ಣದ ಪುಡಿ ಕಲಸಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಉಜ್ಜಬೇಕು. ಆದರೆ ತುಂಬಿದ ಜಾಗವನ್ನು ಮಾತ್ರ. ಹೊಳಪು ಇರುವುದು ರಾಳ ತುಂಬಿದ ತೆಳು ಮೇಲ್ಪದರದಲ್ಲಿ. ಅದು ಸವೆದರೆ ಒಳಗಿನ ಮರದ ಪುಡಿ ಮಂಕಾಗಿ ಕಾಣುತ್ತದೆ. ಕೆಲವು ಹಳೆಯ ವಸ್ತುಗಳಲ್ಲಿ ಮರದ ಪುಡಿಯ ಬದಲು ಕಲ್ನಾರು ಇರುವುದರಿಂದ, ಏನು ಬೆರೆಸಿದೆಯೆಂದು ತಿಳಿಯದಿದ್ದರೆ ಉಜ್ಜದಿರುವುದೇ ಕ್ಷೇಮ.

ಎಪಾಕ್ಸಿಯೂ ಬೇಕಲೈಟಿನ ಜಾತಿಯದೇ, ಗಟ್ಟಿಯಾದ ಮೇಲೆ ಕರಗದು. ತಪ್ಪಾಗಿ ಕೂತ ತುಂಡನ್ನು ಬಿಡಿಸಹೋದರೆ ಹೊಸ ಬಿರುಕು ಬೀಳಬಹುದು. ಅದಕ್ಕೇ ವಸ್ತುಸಂಗ್ರಹಾಲಯಗಳ ಸಂರಕ್ಷಕರು ಅಸಿಟೋನಿಗೆ ಕರಗುವ ಅಕ್ರಿಲಿಕ್ ಅಂಟನ್ನು ಮೆಚ್ಚುತ್ತಾರೆ. ಅದರ ಹಿಡಿತ ಕಡಿಮೆ, ಆದರೆ ಮುಂದೆ ಬರುವವರು ಅದನ್ನು ಬಿಡಿಸಿ ಇನ್ನೂ ಚೆನ್ನಾಗಿ ಜೋಡಿಸಬಹುದು. ಅರಗಿಗಿದ್ದ, ಬೇಕಲೈಟಿಗಿಲ್ಲದ ಕರಗುವ ಗುಣವೇ ಬೇಕ್‌ಲೆಂಡ್‌ನ ವಸ್ತುವನ್ನು ಉಳಿಸುವವರಿಗೆ ಇಂದು ಬೇಕಾಗಿದೆ.